ಹದಿನೇಳನೆಯ ಚೌಕ

ಪೆರ್ಮುದೆಯ ಪದವಿನಲ್ಲಿ ಮಣ್ಣೆಂದರೆ
ಉಗುರಿನಡಿ ಸಿಕ್ಕುವಷ್ಟು.
ಫ್ಲೇವಿಯಾ ಟೀಚರು ಹೆಣಿಗೆಕಡ್ಡಿ ಊರಿ ಹೇಳುತ್ತಾರೆ,
ನಾನು ಬರೆಯುತ್ತೇನೆ: ಒಂದೂವರೆ ಸೆಂಟಿಮೀಟರ್.
ನಾವು ಒದ್ದೆ. ಪುಸ್ತಕಕ್ಕೆ ಮಾತ್ರ ಪ್ಲಾಸ್ಟಿಕ್.

ಅಂಚಿನಲ್ಲಿ ಕರಂಡೆ, ಕೇಪುಳ,
ಬೇರಿಗೊಂದು ಬಿರುಕು ಸಿಕ್ಕ ಪುಣ್ಯವಂತರು.
ಆಮೇಲೆ ಮುಳಿಹುಲ್ಲು, ಮೊಣಕಾಲ ತನಕ.
ಆಮೇಲೆ ಕುಗ್ಗುತ್ತ ಕುಗ್ಗುತ್ತ
ನಡುಪಾರೆಗೆ ಬಂದರೆ ಎಲ್ಲವೂ ಬೆರಳುದ್ದ:
ಬಿಳಿ ಗುಂಡುತಲೆಯ ಹೂ, ನಿಂತ ನೀರಿನ ನೀಲಿ,
ದನದ ಗೊರಸು ಬಿದ್ದ ಕುಳಿಯಲ್ಲಿ
ಅಂಟುಹನಿ ಹೊತ್ತ ಕೆಂಪು ಗಿಡ,
ನೆಲದಲ್ಲಿ ಉಣ್ಣಲು ಏನಿಲ್ಲವೆಂದು
ನುಸಿ ಹಿಡಿಯಲು ಕಲಿತದ್ದು.

ಮೀಟರು ಚೌಕದ ಕಂಬಿಯೊಳಗೆ ಎಣಿಸುತ್ತೇವೆ.
ಮುನ್ನೂರ ಹತ್ತು, ಹನ್ನೊಂದು...
ಬಜ್ಪೆಗೆ ಇಳಿಯುವ ವಿಮಾನ ತಲೆಮೇಲೆ ಹಾದರೆ
ಮತ್ತೆ ಮೊದಲಿನಿಂದ.

ಟೀಚರು ಒಮ್ಮೆ ಹಿಮಾಲಯಕ್ಕೆ ಹೋಗಿದ್ದರು.
ಕಣಿವೆಯ ನೆತ್ತಿಯಿಂದ ತಂದ ಗಿಡವೊಂದು
ಕಾಲೇಜಿನ ಕಪಾಟಿನಲ್ಲಿ ಕಾಗದಕ್ಕೊತ್ತಿ ಕೂತಿದೆ,
ಸೂಜಿ ಚುಚ್ಚಿಡುವ ದಿಂಬಿನಷ್ಟು.
"ಮರಗಳು ನಿಂತ ಗೆರೆ ದಾಟಿದ ಮೇಲೆ
ಅಲ್ಲಿ ಯಾರೂ ತಲೆ ಎತ್ತುವುದಿಲ್ಲ ಮಾರಾಯ್ತಿ.
ಅಲ್ಲಿ ಗಾಳಿ, ಹಿಮ. ಇಲ್ಲಿ ಪಗ್ಗುವಿನ ಬಿಸಿಲು.
ಎಂಟು ತಿಂಗಳು ಅವು ಹಿಮದಡಿ, ಇವು ಧೂಳಿನಡಿ.
ಧಣಿ ಬೇರೆ, ಚಾಕರಿ ಒಂದೇ."
ಸಮುದ್ರಮಟ್ಟದಿಂದ ನೂರೇ ಮೀಟರು ಮೇಲೆ
ನನಗೆ ಕಿವಿ ತಣ್ಣಗಾಯಿತು.

ಮರುವರ್ಷದ ಸೋಣದಲ್ಲಿ
ಹದಿನಾರನೆಯ ಚೌಕದಿಂದ ಪಡುವಣಕ್ಕೆ
ಹನ್ನೆರಡು ಹೆಜ್ಜೆ ಇಡಬೇಕಿತ್ತು.
ಹತ್ತಕ್ಕೆ ನೆಲ ಮುಗಿಯಿತು.
ಕೆಂಪು ಗೋಡೆ, ಗರಗಸ ಎಳೆದ ಗೆರೆ, ಚೌಕ ಚೌಕ,
ನಮ್ಮದಕ್ಕಿಂತ ನೇರ.
ಕೆಳಗೆ ಚಾದ ಬಣ್ಣದ ನೀರು.

ಕಲ್ಲಿನ ಮೆಷಿನಿನ ಐತಪ್ಪ ಟಾರ್ಪಾಲಿನಡಿಯಿಂದ ಎದ್ದು ಬಂದ.
"ಮೇಲಿನ ಪದರ ಉಪಯೋಗಕ್ಕಿಲ್ಲ ಟೀಚರ್,
ಅದನ್ನು ಸುಮ್ಮನೆ ಬಿಸಾಡುವುದು" ಎಂದ,
ಬೆಲೆಬಾಳುವುದೇನೂ ಹೋಗಿಲ್ಲವೆಂದು
ಸಮಾಧಾನ ಹೇಳುವವನಂತೆ.

ನಾನು ಸೊನ್ನೆ ಬರೆಯಹೊರಟೆ.
ಟೀಚರು ಪೆನ್ನು ತಡೆದರು:
"ಸೊನ್ನೆಯೆಂದರೆ, ನೆಲ ಇತ್ತು, ಗಿಡ ಇರಲಿಲ್ಲ ಅಂತ."
ಮಣ್ಣಿನ ಆಳ: ಗೀಟು.
ಗಿಡಗಳು: ಗೀಟು.
ನಿಂತ ನೀರು?
ಹೋದ ವರ್ಷ ಅಲ್ಲಿ ನಾಲ್ಕು ಮಿಲಿಮೀಟರ್ ಇತ್ತು.
ಐತಪ್ಪ ಅಂಚಿಗೆ ಬಂದು ಇಣುಕಿದ,
ತುಟಿಯಲ್ಲೇ ಲೆಕ್ಕ ಮಾಡಿದ.
"ಹದಿನಾಲ್ಕು ಅಡಿ ಬರ್ಕೊಳ್ಳಿ."

ಬರೆದೆ.