ಚುಕ್ಕೆ ಬೀಳದ ಗಿಡ

ಹಡಪಸರದಾಚೆ, ಸೋಲಾಪುರ ರಸ್ತೆಯ ಧೂಳಿಗೆ
ಹಸಿರು ಪರದೆ ಕಟ್ಟಿದ ನರ್ಸರಿ.
ಜಗತಾಪ ಬೀಡಿ ಆರಿಸಿ, ಕುಂಡವೊಂದನ್ನು
ಕರುವಿನ ಹಾಗೆ ಕಿವಿ ಹಿಡಿದು ಎಳೆತಂದ:
"ಇದಕ್ಕೆ ರೋಗ ತಾಗಲ್ಲ ತಾಯಿ.
ಬೂದಿಯಿಲ್ಲ, ಕಪ್ಪು ಚುಕ್ಕೆಯಿಲ್ಲ.
ಬಣ್ಣ ಮಾತ್ರ ಒಂದೇ ಇರಲಿ ಅನ್ನಬೇಡಿ."

ಅವನ ಕಣ್ಣು ನನ್ನ ಮುಂಗೈ ಮೇಲಿತ್ತು.
ಬಿಳುಪು ಮಣಿಕಟ್ಟು ದಾಟಿ ಏರಿದ ವರ್ಷ ಅದು.
ಸೆರಗು ಎಳೆದುಕೊಳ್ಳಲಿಲ್ಲ; ಚೌಕಾಸಿ ಮಾಡಿದೆ.
ನೂರಾ ನಲವತ್ತಕ್ಕೆ ಕೊಟ್ಟ.

ಕೋಥ್ರೂಡಿನ ಮೂರನೇ ಮಹಡಿಯ ಗ್ರಿಲ್ಲಿನಲ್ಲಿ
ಮೊಗ್ಗು ಅರಿಸಿನ. ಬಿರಿದ ಬೆಳಿಗ್ಗೆ ಕಿತ್ತಳೆ,
ಅಂಚಿಗೆ ಯಾರೋ ಕುಂಕುಮದ ಬೆರಳು ಒರೆಸಿದ ಹಾಗೆ.
ಮೂರನೇ ದಿನ ನಸುಗೆಂಪು, ಆಮೇಲೆ ಅಲ್ಲಲ್ಲಿ ಬಿಳಿ,
ನಕ್ಷೆಯಲ್ಲಿ ಹೆಸರಿಡದ ದ್ವೀಪಗಳು.
ಒಂದೇ ಗಿಡ, ಹೂವಿಗೊಂದು ಪ್ರಾಯ.

ಆಷಾಢದ ಜಿನುಗಿಗೆ ಎದುರು ಮನೆ ಕೇಳ್ಕರ್ ಬಾಯಿಯ
ಕೆಂಪು ಗುಲಾಬಿಗಳೆಲ್ಲ ಚುಕ್ಕೆ ಬಿದ್ದು ಎಲೆ ಉದುರಿಸಿದವು.
ಬೇವಿನೆಣ್ಣೆ, ಹುಳಿ ಮಜ್ಜಿಗೆ, ಯಾವುದೋ ನೀಲಿ ಪುಡಿ.
ಕೊನೆಗೆ ಬೋಳು ಕಡ್ಡಿ.
ನನ್ನದು ಒಂದೆಲೆಯನ್ನೂ ಬಿಡದೆ ನಿಂತಿತ್ತು,
ಸ್ವಲ್ಪ ಸೊಕ್ಕಿನಿಂದಲೇ.

ಏಳು ವರ್ಷದಲ್ಲಿ ಮೊದಲ ಸಲ ಆಕೆ ಬಾಗಿಲು ಬಡಿದಳು,
ಸಂಕ್ರಾಂತಿಗೆ ನನ್ನ ಎಳ್ಳುಂಡೆಯನ್ನು ಮಾತ್ರ
ಕಾಗದದ ಮೇಲಿಟ್ಟು ಜಾರಿಸುವವಳು.
"ಒಂದು ಕಡ್ಡಿ ಸಿಗುತ್ತಾ?"

ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿದೆ.
ಒದ್ದೆ ಪೇಪರು ಹುಡುಕಬೇಕೆನಿಸಲಿಲ್ಲ.
ಮುಳ್ಳು, ಹುಷಾರು ಅಂದೆ.
ಮುಳ್ಳನ್ನೇ ನೋಡುತ್ತ ಆಕೆ
ಕಡ್ಡಿಯೊಂದಿಗೆ ನನ್ನ ಬೆರಳುಗಳನ್ನೂ ಹಿಡಿದಳು;
ಬಿಟ್ಟದ್ದು ತುಸು ತಡವಾಗಿ.

"ಯಾವ ಬಣ್ಣ ಬರುತ್ತೆ?"
ಗೊತ್ತಿಲ್ಲ ಬಾಯಿ,
ನಾನೂ ದಿನಾ ಎದ್ದು ನೋಡುತ್ತೇನೆ.