ಹತ್ತು ಗುಲಗಂಜಿ ಕಮ್ಮಿ

ತೂಕ-ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ
ತಕ್ಕಡಿಗಳ ಹೊಟ್ಟೆ ತಡವಿದವನು ನಾನು.
ಎಲ್ಲಿ ಸೀಸ, ಎಲ್ಲಿ ಅಯಸ್ಕಾಂತ, ಎಲ್ಲಿ ಮೇಣ,
ಬೆರಳ ತುದಿಗೇ ಗೊತ್ತು.

ಮಂಡ್ಯದ ಪೇಟೆ ಬೀದಿ. ಬೋರಶೆಟ್ಟರ ಬೆಲ್ಲದಂಗಡಿ.
ಕಡಜ, ನೊಣ, ಕಾಲಿಗಂಟುವ ನೆಲ.
ಸಾಮಾನಿನ ತಟ್ಟೆಯ ಅಡಿಗೆ ಕೈ ಹಾಕಿದರೆ
ಮೇಣ ಮೆತ್ತಿದ ಒಂದು ಸರ:
ನಡುವೆ ಚೌಕ ತೂತಿನ ಬಿಲ್ಲೆಗಳು
ಸೆಣಬಿನ ದಾರದಲ್ಲಿ ಒತ್ತೊತ್ತಾಗಿ.
"ನಮ್ಮಜ್ಜ ತಂದದ್ದು ಸಾ, ಎಲ್ಲಿಂದಾಂತ ಹೇಳ್ಲಿಲ್ಲ.
ಮಕ್ಕಳ ಉಡಿದಾರಕ್ಕೆ ಒಂದೊಂದು ಕಟ್ಟೋರು.
ಮಿಕ್ಕಿದ್ದ ಇಲ್ಲಿ ಕಟ್ಟಿದೆ"
ಎಂದು ಶೆಟ್ಟರು ನಾಚದೆ ನಕ್ಕರು.

ಎಣಿಸಿದೆ: ಮೂವತ್ತೆರಡು.
ಪಂಚನಾಮೆಯಲ್ಲಿ ಬರೆದೆ: ಮೂವತ್ತೊಂದು.

ಆ ಒಂದು, ಬೆಲ್ಲದ ಜಿಗುಟಿನ ಸಮೇತ
ಪ್ಯಾಂಟಿನ ಒಳಜೇಬಿನಲ್ಲಿ ಮನೆಗೆ ಬಂತು.
ತೊಳೆಯಬಾರದು ಅಂತಲೂ ತಿಳಿಯದ ಕಾಲ;
ಹುಣಸೆಹುಳಿ ಹಾಕಿ ತಿಕ್ಕಿದೆ. ಇನ್ನೂರು ವರ್ಷದ ಕಿಲುಬು
ಬಚ್ಚಲಿನಲ್ಲಿ ಹಸಿರಾಗಿ ಹರಿದುಹೋಯಿತು.
ಉಳಿದದ್ದು ನಾಲ್ಕು ಅಕ್ಷರ.

ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ,
ಹಾಗೆ ಓದಬೇಕಂತೆ. ತಿಳಿಯಲು ವರ್ಷ ಹಿಡಿಯಿತು.
ಮೊದಲೆರಡು ದೊರೆಯ ಆಳ್ವಿಕೆಯ ಹೆಸರು, ಚಿಯೆನ್‌ಲುಂಗ್.
ಉಳಿದೆರಡು: ಎಲ್ಲೆಡೆ ನಡೆವ ನಿಧಿ.
ನಡೆದೇ ಬಂದಿತ್ತಲ್ಲ, ಮಂಡ್ಯದವರೆಗೆ!

ಆಮೇಲೆ ಚಟ.
ಬೈಲಕುಪ್ಪೆಯ ಮುದುಕಿಯೊಬ್ಬಳ ಚೀಲದ ಅಂಚಿನಿಂದ ಏಳು,
ಮೈಸೂರಿನ ದೇವರಾಜ ಮಾರುಕಟ್ಟೆಯ ಹಿಂದೆ
ಹಳೇ ಬೀಗ ಮಾರುವವನಿಂದ ಹನ್ನೆರಡು.
ಹಾನ್ ಕಾಲದ ತೆಳು ಬಿಲ್ಲೆ, ಸೋಂಗ್ ಕಾಲದ ಓಟಬರಹದ್ದು;
ಕಬ್ಬಿಣದ್ದೊಂದು ಅಂಗೈಯಲ್ಲೇ ಪುಡಿಯಾಯಿತು.
"ತೂತು ಕಾಸು ಕೂಡಿಡೋನ ಜೇಬೂ ತೂತೇ"
ಎಂದಳು ತಾಯಮ್ಮ, ಸಾರಿಗೆ ಒಗ್ಗರಣೆ ಹಾಕುತ್ತಾ.

ನಿವೃತ್ತಿಯಾದ ಮರುವಾರ ಆ ಮೊದಲನೆಯದನ್ನು
ನಾಗಮಂಗಲಕ್ಕೆ ಒಯ್ದೆ, ಎರಕದ ಕಾಳಾಚಾರರ ಬಳಿಗೆ.
ಚೀನೀ ಅಕ್ಷರ ಅವರಿಗೆ ಇರುವೆ ಸಾಲು.
ಅಂಚನ್ನು ಉಗುರಿನಲ್ಲಿ ಗೀರಿ, ಕಲ್ಲಿಗೆ ಕುಟ್ಟಿ, ಕಿವಿಗಿಟ್ಟು,
"ಒತ್ತಿದ್ದಲ್ಲ ಇದು. ನಮ್ಮ ಹಾಗೇ ಹೊಯ್ದದ್ದು" ಎಂದರು.
ಆಕಾಶ ದುಂಡು, ಭೂಮಿ ಚೌಕ, ಅದಕ್ಕೇ ಈ ಆಕಾರ
ಅಂತ ನಾನು ಓದಿದ್ದು ಒಪ್ಪಿಸಿದೆ.
"ಭೂಮಿಯೂ ಇಲ್ಲ ಗೀಮಿಯೂ ಇಲ್ಲ ಬುಡಿ.
ಚೌಕದ ಸರಳಿಗೆ ಸಾಲಾಗಿ ಪೋಣಿಸಿ
ಒಟ್ಟಿಗೆ ಅರ ತಿಕ್ಕೋಕೆ.
ದುಂಡು ತೂತಾದ್ರೆ ಗಿರ್ರನೆ ತಿರುಗಿಬಿಡ್ತವೆ."

ಗುಲಗಂಜಿ ಡಬ್ಬಿ ತೆಗೆದರು.
ಅದೇ ದೊರೆಯ ಇನ್ನೊಂದು ಆ ಕಡೆ, ಇದು ಈ ಕಡೆ.
ಹತ್ತು ಗುಲಗಂಜಿ ಕಮ್ಮಿ.
"ನಾಣ್ಯದಿಂದ ಅಚ್ಚು ತೆಗೆದು ನಾಣ್ಯ ಹೊಯ್ದವ್ರೆ.
ಲೋಹ ಆರಿದಾಗ ಕುಗ್ತದೆ ಸ್ವಾಮಿ.
ಮರಿ ತಾಯಿಗಿಂತ ಸಣ್ಣದು, ಮೊಮ್ಮರಿ ಇನ್ನೂ ಸಣ್ಣದು.
ಕಳ್ಳ ಎರಕ ಇದು.
ಹಳೇ ಕಳ್ಳ."

ಯಾವುದೋ ಊರ ಹಿತ್ತಿಲಲ್ಲಿ, ರಾತ್ರಿ,
ಸದ್ದಾಗದಂತೆ ತಿದಿ ಒತ್ತಿದವನೇ,
ನಿನ್ನ ಮನೆಯಲ್ಲಿ ಎಷ್ಟು ಮಕ್ಕಳಿದ್ದರು?

ಉಳಿದ ಮೂವತ್ತೊಂದು ಕೋರ್ಟಿನ ಹರಾಜಿನಲ್ಲಿ ಗುಜರಿಗೆ ಹೋಗಿದ್ದವು.
ನಿಮ್ಮ ಮೂಸೆಗೆ ಬಂದವೇ, ಕೇಳಿದೆ.
"ಬಂದಿರಬೌದು. ಮೂಸೆಗೆ ಹಾಕೋವಾಗ ಮುಖ ಯಾರು ನೋಡ್ತಾರೆ?"

ಮೊನ್ನೆ ಬೋರಶೆಟ್ಟರ ಅಂಗಡಿಗೆ ಹೋದೆ, ವಾಪಸು ಕೊಡಲು.
ಶೆಟ್ಟರು ಗೋಡೆಯ ಮೇಲೆ, ಗಂಧದ ಹಾರದೊಳಗೆ.
ಮೊಮ್ಮಗನ ಮುಂದೆ ಎಲೆಕ್ಟ್ರಾನಿಕ್ ತಕ್ಕಡಿ;
ಅಭ್ಯಾಸಬಲ, ಸೀಲು ನೋಡಿದೆ. ಸರಿಯಿತ್ತು.
ಹೇಳಬೇಕಾದ್ದನ್ನೆಲ್ಲ ಹೇಳಿದೆ.
ಹುಡುಗ ಒಂದು ಕೈಯಲ್ಲಿ ಫೋನು ಹಿಡಿದೇ
ನಾಣ್ಯವನ್ನು ತಟ್ಟೆಯ ಮೇಲಿಟ್ಟ.
ಕೆಂಪು ಅಂಕಿಗಳು ಅಲುಗಲಿಲ್ಲ.
ಸೊನ್ನೆ. ಸೊನ್ನೆ. ಸೊನ್ನೆ.
"ತೂಕಕ್ಕೇ ಬರಲ್ಲ ಸಾರ್, ನೀವೇ ಇಟ್ಕೊಳ್ಳಿ"
ಎಂದು ಕಾಲು ಕೆಜಿ ಬೆಲ್ಲ ಕಟ್ಟಿಕೊಟ್ಟ. ದುಡ್ಡು ಮುಟ್ಟಲಿಲ್ಲ.

ಮನೆಗೆ ಬಂದು ತೂಗಿದೆ.
ಒಂದು ಚೂರು ಹೆಚ್ಚೇ ಇತ್ತು.