ಹನ್ನೊಂದು, ಇಪ್ಪತ್ತೊಂದು

ಅಂಬವ್ವ ಹೊದ್ಲೂರ ಮಗ್ಗದ ಮುಂದ ಕುಂತು
ಮೂವತ್ತು ವರ್ಷ ನೂಲು ಕಡದಾಕಿ, ಹಲ್ಲಿಲೆ.
ಮ್ಯಾಲಿನ ಸಾಲಿನ ನಡುವ, ಬಲಗಡೆ ಹಲ್ಲಿನಾಗ
ಒಂದು ಸಣ್ಣ ಕಚ್ಚು ಬಿದ್ದಿತ್ತು,
ಸೂಜಿಗೆ ಕಣ್ಣಿದ್ದಂಗ.
ಅದ ಸೀಳಿದಾಗ
ಇಳಕಲ್ಲಿನ ನಮ್ಮ ದವಾಖಾನಿಗೆ ಬಂದ್ಲು,
ಸೆರಗು ಬಾಯಿಗೆ ಒತ್ತಿಕೊಂಡು.

ನಮ್ಮಲ್ಲಿ ಹಲ್ಲಿಗೆ ಹೆಸರಿಲ್ಲ, ನಂಬರು.
ಬಲಗಡೆದ್ದು ಹನ್ನೊಂದು, ಅದರ ಮಗ್ಗಲದ್ದು ಇಪ್ಪತ್ತೊಂದು.
ಆಕಿ ಬಲ ನನಗ ಎಡ,
ಪರದೆ ಮ್ಯಾಲೂ ಎಡ.
ನಾ ಕೆಲಸಕ್ಕ ಸೇರಿದ ದಿನ ಡಾಕ್ಟರ್ ಬೇವೂರ ಕಲಿಸಿದ್ರು:
"ಕನ್ನಡಿ ಅಲ್ಲ ಇದು, ದಿಲ್ಶಾದ. ಎದುರು ಕುಂತ ಮನಷ್ಯಾ."
ಮರತಿಲ್ಲ ನಾ. ಮುಂಜಾನೆ ಹತ್ತೂಕಾಲಿಗೆ
ಹನ್ನೊಂದು ಅಂತನ ಟೈಪ್ ಮಾಡಿದೆ.

ಒಪ್ಪಿಗಿ ಪತ್ರ ಟ್ಯಾಬಿನಾಗ ಇತ್ತು,
ಎರಡು ಪುಟ ಇಂಗ್ಲಿಷು, ಕೆಳಗೊಂದು ಖಾಲಿ ಚೌಕ.
"ಎಲ್ಲಿ ಒತ್ತಲಿ, ತಂಗಿ?"
ಹೆಬ್ಬೆರಳು ಒತ್ತಿದ್ಲು. ಆಮ್ಯಾಲೆ
ಮಸಿ ಅಂಟೇತಿ ಅಂತ ಗ್ವಾಡಿಗೆ ಒರಸಾಕ ಹೋಗಿ
ಬೆರಳು ನೋಡಿಕೊಂಡು ನಕ್ಕಳು.
ಗಾಜು ಆಕಿಗೆ ಏನೂ ಕೊಟ್ಟಿರಲಿಲ್ಲ,
ಒರಸಿ ಹೋಗುವಂಥಾದ್ದು.

ಅವತ್ತು ಹದಿನೇಳು ಮಂದಿ, ಕರೆಂಟು ಎರಡು ಸಲ ಹೋತು.
ಮದ್ದಿನ ಜೋಂಪು ಇಳಿದ ಮ್ಯಾಲೆ ನಾಲಿಗಿ ಹುಡುಕಿತು:
ಸೀಳಿದ ಹಲ್ಲು ಅಲ್ಲೇ ಇತ್ತು.
ಗಟ್ಟಿ ಹಲ್ಲಿನ ಜಾಗದಾಗ ಹತ್ತಿ.

ಈಗ ನವನಗರ, ಗ್ರಾಹಕರ ಆಯೋಗ.
ಹಳೇ ಊರು ನೀರಾಗ ಹೋದ ಮ್ಯಾಲೆ
ಮನಿಗೆಲ್ಲ ಸೆಕ್ಟರ್ ನಂಬರು ಬಂದ ಊರಿದು.
ನಮ್ಮ ವಕೀಲರು ಕಡಪಟ್ಟಿ
ಒಂದು ಕಾಗದ ಮುಂದಿಟ್ರು, ಪೆನ್ನಿನ ಜೋಡಿ:
"ಸದರಿ ಗಣಕಯಂತ್ರವು ಸಂಬಂಧಿತ ಅವಧಿಯಲ್ಲಿ
ಸುಸ್ಥಿತಿಯಲ್ಲಿದ್ದು, ಮುದ್ರಿತ ಪ್ರತಿಯು
ಮೂಲಕ್ಕೆ ಯಥಾವತ್ತಾಗಿದೆ ಎಂದು
ನನ್ನ ತಿಳಿವಳಿಕೆಯಂತೆ ಪ್ರಮಾಣೀಕರಿಸುತ್ತೇನೆ."
"ಇಲ್ಲಿ ಸಹಿ ಮಾಡವಾ, ಯಂತ್ರದ ಉಸ್ತುವಾರಿ ನಿಂದ."

ಯಂತ್ರ ಸುಸ್ಥಿತಿಯಾಗ ಇತ್ತು, ಖರೇನ.
ಅದರ ಮ್ಯಾಲೆ ನಂದೇನೂ ತಕರಾರಿಲ್ಲ.
ಅಷ್ಟು ಸುಸ್ಥಿತಿಯಾಗ ಇತ್ತಂದ್ರ
ಯಾರೂ ಕೇಳದಿದ್ರೂ ಒಂದು ಸಾಲು ಬರಕೊಂಡಿತ್ತು:
ರಾತ್ರಿ ಹತ್ತೂ ನಲವತ್ತೆರಡು.
ಹನ್ನೊಂದು ಅಳಿಸಿ ಇಪ್ಪತ್ತೊಂದು.
ಬಳಕೆದಾರರು: ದಿಲ್ಶಾದ.

ಆ ರಾತ್ರಿ ನಾನು ಹುನಗುಂದದಾಗ, ನಾದಿನಿ ಮದುವಿ.
ಎರಡೂ ಕೈಗೆ ಮೊಣಕೈ ತನಕ ಮೆಹಂದಿ.
ನೀರು ಕುಡಿಸಾಕೂ ಮತ್ತೊಬ್ಬರು ಬೇಕಾಗಿತ್ತು.

ಡಾಕ್ಟರ್ ಕೆಟ್ಟವರಲ್ಲ.
ನಮ್ಮವ್ವನ ಕಣ್ಣಿನ ಆಪರೇಷನ್ನಿಗೆ
ಕೇಳೋಕಿಂತ ಮೊದಲು ರೊಕ್ಕ ಕೊಟ್ಟವರು.
ಇವತ್ತು ಮೋಬೈಲಿನಾಗ ಮುಖ ಇಟ್ಟಾರ,
ಪರದೆ ಕಪ್ಪಾಗಿ ಭಾಳ ಹೊತ್ತಾತು.

ವರಾಂಡದ ಬೆಂಚಿನ ಮ್ಯಾಲೆ ಅಂಬವ್ವ.
ಬಾಯಿ ಮುಚ್ಚಿ ಮಾತಾಡೂದು ರೂಢಿ ಆಗೇತಿ ಆಕಿಗೆ.
"ಈಗ ಕತ್ತರಿ ಇಟ್ಕೊಂಡೀನವಾ, ಕೈ ಹೊಂದಂಗಿಲ್ಲ.
ಸೆರಗು ಒಡಲು ಕೂಡಿಸೋ ಕೊಂಡಿ ತಪ್ಪಿದ್ರ
ಬಿಚ್ಚಿ ಮತ್ತ ಹಾಕಬಹುದು.
ಕಣ್ಣಿಗೆ ಕಾಣಂಗಿಲ್ಲ.
ಬೆರಳಿಗೆ ಹತ್ತತೈತಿ."
ನನ್ನ ಮ್ಯಾಲೆ ಸಿಟ್ಟೈತೇನು, ಕೇಳಲಿಲ್ಲ ನಾ.
ಚುರುಮುರಿ ಕೊಟ್ಲು. ಒಂದು ಕಡೆಯಿಂದ ಅಗಿಯೋಣು, ಇಬ್ಬರೂ.

ಒಳಗ ಕರದರು.
ದಿನಾ ನಲವತ್ತು ಸಲ ನಾ ಅನ್ನೋ ಮಾತು,
"ಬಾಯಿ ತಗೀರಿ, ಹೆದರಬ್ಯಾಡ್ರಿ,"
ಅವತ್ತು ನನಗ ಯಾರೂ ಅನ್ನಲಿಲ್ಲ.
ಪೆನ್ನು ವಾಪಸ್ ಇಟ್ಟೆ.
ಹನ್ನೊಂದು, ಅಂದೆ.
ಜೋರ ಹೇಳಿ, ಅಂದ್ರು.

ಸಂಜಿಗೆ ಬಸ್ಸಿನಾಗ ಲೆಕ್ಕ ಹಾಕಿದೆ:
ಈ ತಿಂಗಳ ಪಗಾರ, ಮುಂದಿನ ತಿಂಗಳ ಇಲ್ಲದ್ದು.
ನಾಳೆ ಬಾಗಿಲು ತಗಿಯೋ ಕೀಲಿ ಇನ್ನೂ ನನ್ನ ಚೀಲದಾಗ ಐತಿ.
ಪರದೆ ಕೆಳಗ ಅಂಟಿಸಿದ ಚೀಟಿ, ನಾಕು ಮಂದಿಗೊಂದು ಪಾಸ್‌ವರ್ಡು,
ಡಾಕ್ಟರ್ ಮಗಳ ಹೆಸರು, ಹಿಂದ ಒಂದು ಎರಡು ಮೂರು,
ಅದೂ ಹಂಗ ಐತಿ.